ಹದಿನಾಲ್ಕನೆಯ ಪ್ರಶ್ನೆ

ಕೀಲುನೋವಿನವರ ಸಭೆಯನ್ನು
ಮಹಡಿಯ ಮೇಲೆ ಇಟ್ಟಿದ್ದರು.
ನಾಪೋಕ್ಲು ಸಹಕಾರ ಸಂಘದ ಮೆಟ್ಟಿಲು ಹತ್ತೊಂಬತ್ತು.
ಎಣಿಸದೆ ಹತ್ತುವ ಕಾಲ ಮುಗಿದು ನನಗೆ ಆರು ವರ್ಷ.

ಐದನೆಯದರಲ್ಲಿ ಬೀಪಾತುಮ್ಮ ಕೂತುಬಿಟ್ಟರು.
"ಸಂಶೋಧನೆಗೆ ನಾವು ಬೇಕಾದರೆ
ಸಂಶೋಧನೆಯೇ ಕೆಳಗಿಳಿಯಲಿ."
ಇಳಿಯಿತು.
ಡಾಕ್ಟರ್ ಹರಿಣಾಕ್ಷಿ, ಇಬ್ಬರು ಹುಡುಗರು,
ಲ್ಯಾಪ್‌ಟಾಪು, ಬಿಸ್ಕತ್ತಿನ ಡಬ್ಬ, ಫಾರಮ್ಮುಗಳ ಕಟ್ಟು
ಎಲ್ಲವೂ ಗೊಬ್ಬರದ ಗೋದಾಮಿಗೆ ಬಂದವು.
ತೂಕದ ಯಂತ್ರದ ಸುತ್ತ, ಯೂರಿಯಾ ವಾಸನೆಯಲ್ಲಿ
ಹನ್ನೊಂದು ಜನ ಕೂತೆವು.
ಮೊದಲ ತಿದ್ದುಪಡಿ ಅದೇ. ಯಾರೂ ಬರೆದುಕೊಳ್ಳಲಿಲ್ಲ.

ನಾನು ದೇಚಮ್ಮ.
ಮೂವತ್ತೊಂದು ವರ್ಷ ಅಂಚೆಮುದ್ರೆ ಹೊಡೆದ ಕೈ ಇದು.
ಈಗ ಬೆರಳು ಒಂದೊಂದೂ ಒಂದೊಂದು ಊರಿನ ದಾರಿ ತೋರಿಸುತ್ತದೆ:
ಕಿರುಬೆರಳು ಕಕ್ಕಬ್ಬೆಗೆ, ಉಂಗುರದ್ದು ಮೂರ್ನಾಡಿಗೆ,
ಹೆಬ್ಬೆರಳು ಮಾತ್ರ ಇನ್ನೂ ಪೋಸ್ಟಾಫೀಸಿಗೆ.

"ಪ್ರಶ್ನೆಗಳನ್ನು ನಾವು ಬರೆದದ್ದು, ನೀವು ತಿದ್ದಿ" ಅಂದರು ಡಾಕ್ಟರು.
ನನ್ನ ರಕ್ತ ತೆಗೆದುಕೊಂಡವರು ಬಹಳ,
ಕೆಂಪು ಪೆನ್ನು ಕೊಟ್ಟವರು ಇವರೇ ಮೊದಲು.
ಪೆನ್ನು ತೆಳ್ಳಗಿತ್ತು, ಹಿಡಿತಕ್ಕೆ ಸಿಗಲಿಲ್ಲ.
ಹುಡುಗನೊಬ್ಬ ಗೋಣಿದಾರ ಸುತ್ತಿ ದಪ್ಪ ಮಾಡಿದ.

*ಬೆಳಿಗ್ಗೆ ಬಿಗಿತ ಎಷ್ಟು ನಿಮಿಷ?*
ಗಡಿಯಾರ ನೋಡಲು ಕುತ್ತಿಗೆ ತಿರುಗಬೇಕಲ್ಲ.
ಮೊದಲ ಬಸ್ಸು ಹೋಗುವಾಗ ಮುಷ್ಟಿ ಮುಚ್ಚದು,
ಎರಡನೆಯದಕ್ಕೆ ಲೋಟ ನಿಲ್ಲುತ್ತದೆ,
ಮೂರನೆಯದು ಬರುವಷ್ಟರಲ್ಲಿ ನಾನು ಮನುಷ್ಯಳು.
ನಿಮಿಷ ಹೊಡೆದು ಹಾಕಿದೆ. ಬಸ್ಸು ಅಂತ ಬರೆದೆ.

*ಅಂಗಿಯ ಗುಂಡಿ ಹಾಕಿಕೊಳ್ಳಬಲ್ಲಿರಾ?* ಹದಿನಾಲ್ಕನೆಯದು.
ಹೇಗೋ ಹಾಕಬಲ್ಲೆ.
ಆದರೆ ನಮ್ಮ ಸೀರೆಯ ನೆರಿಗೆ ಇರುವುದು ಬೆನ್ನ ಹಿಂದೆ.
ಎರಡೂ ಕೈ ಹಿಂದಕ್ಕೆ ಹೋಗಬೇಕು,
ಕಾಣದ ಕಡೆ ಬೆರಳೇ ಕಣ್ಣಾಗಬೇಕು.
ತಂಗಿಯ ಮಗನ ಮದುವೆಗೆ ನಾನು ಹೋಗಲಿಲ್ಲ.
ಜ್ವರ ಅಂದೆ.
ಯಾರಿಗೂ ಹೇಳದ ಸುಳ್ಳನ್ನು
ಗೊಬ್ಬರದ ಮೂಟೆಗಳ ಎದುರು
ಒಂದು ಫಾರಮ್ಮಿಗೆ ಒಪ್ಪಿಸಿದೆ.

*ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು?*
ಎರವರ ಚೋಮಿ ತೂಕದ ಯಂತ್ರವನ್ನೇ ನೋಡುತ್ತಿದ್ದಳು.
"ಮುಂಚೆ ದಿನಕ್ಕೆ ಎಂಬತ್ತು ಕೆಜಿ ಹಣ್ಣು ಕೊಯ್ಯುತ್ತಿದ್ದೆ.
ನಿನ್ನೆ ಇಪ್ಪತ್ತೆಂಟು.
ಕಳೆದು ನೋಡಿ, ಉಳಿದದ್ದು ನೋವು.
ಇವತ್ತು ಇಲ್ಲಿ ಕೂತಿದ್ದೇನೆ, ಇವತ್ತು ಸೊನ್ನೆ.
ಆ ಸೊನ್ನೆ ನೋವಿಲ್ಲ ಅಂತಲ್ಲ."
ಡಾಕ್ಟರು ಎದ್ದು ಹೊರಗೆ ಹೋದರು, ಯಾರಿಗೋ ಫೋನು ಮಾಡಿದರು,
ಧ್ವನಿ ಏರಿತು, ಇಳಿಯಿತು.
ಬಜೆಟ್ಟಿನಲ್ಲಿ ನಮ್ಮ ಹೆಸರಿಗೆ ಇದ್ದದ್ದು ಬಿಸ್ಕತ್ತು ಮಾತ್ರವಂತೆ.
ವಾಪಸು ಬಂದಾಗ ದಿನಗೂಲಿಯೂ ಇತ್ತು.

ಆಮೇಲೆ ಮೂರು ಲೋಟ, ತಲೆಗೆ ಐದು ಕಾಫಿ ಬೀಜ.
ಮುಂದೆ ಏನನ್ನು ಹುಡುಕಬೇಕು, ನೀವೇ ಹಾಕಿ.
ನೋವಿನ ಲೋಟ ತುಂಬುತ್ತದೆ ಅಂದುಕೊಂಡಿದ್ದರು ಹುಡುಗರು.
ತುಂಬಿದ್ದು ಆಯಾಸದ್ದು:
ಏನೂ ಮಾಡದೆ ಕೂತಾಗಲೂ ಮೈಯನ್ನು
ಒದ್ದೆ ಗೋಣಿಯಂತೆ ಎಳೆಯುವ ಆ ಆಯಾಸ,
ಮನೆಯವರು ಸೋಮಾರಿತನ ಅನ್ನುವಂಥದ್ದು.

ಬೀಪಾತುಮ್ಮ ಮಾತ್ರ ಮುಷ್ಟಿ ಬಿಚ್ಚಲಿಲ್ಲ.
"ನನ್ನದಕ್ಕೆ ಲೋಟವಿಲ್ಲ.
ಹಿಂದೊಮ್ಮೆ ಒಬ್ಬರು ಮಂಡಿಯಿಂದ ನೀರು ತೆಗೆದುಕೊಂಡು ಹೋದರು.
ಆ ನೀರು ಏನು ಹೇಳಿತು
ಅಂತ ಇವತ್ತಿಗೂ ನನಗೆ ಗೊತ್ತಿಲ್ಲ."
ಬಿಸ್ಕತ್ತಿನ ಡಬ್ಬದ ಮುಚ್ಚಳ ತಿರುವಿ ಇಟ್ಟರು.
ಐದು ಬೀಜ ಬಿದ್ದ ಸದ್ದು,
ತಗಡಲ್ಲವೇ, ಜೋರಾಗಿಯೇ ಕೇಳಿತು.

ಮುಂದಿನ ಸಭೆಗೆ ನಾನು ಹನ್ನೊಂದು ಕವರು ಒಯ್ದೆ,
ನಮ್ಮ ನಮ್ಮ ವಿಳಾಸ ಬರೆದು, ಸ್ಟಾಂಪು ಹಚ್ಚಿ.
ಬರೆಯಲು ನಾಲ್ಕು ದಿನ ಹಿಡಿಯಿತು.
"ಫಲ ಏನೇ ಬರಲಿ, ಬರದೇ ಇರಲಿ,
ಇದರಲ್ಲಿ ಹಾಕಿ ಕಳಿಸಿ" ಅಂದೆ.
ಡಾಕ್ಟರು ಎಣಿಸಿ ಚೀಲಕ್ಕಿಟ್ಟರು.
ಕೊನೆಯ ಎರಡರ ಪಿನ್‌ಕೋಡು ಸೊಟ್ಟಗಾಗಿದೆ.
ಪರವಾಗಿಲ್ಲ, ನನ್ನ ಜಾಗದಲ್ಲಿ ಈಗಿರುವ ಹುಡುಗಿಗೆ
ನನ್ನ ಅಕ್ಷರದ ಪರಿಚಯವಿದೆ.